ಶೀಟಿನ ಮೇಲೆ ದಪ್ಪ ಕಲ್ಲು ಹೇರಿದರೆ ಸುಂಟರಗಾಳಿ ತಡೆಯುತ್ತಾ?

ಊರಿನ ಮನೆಯ ಶೀಟು ಹಾರಿಹೋಯಿತು, ಈ ಸಲ ಇನ್ನೂ ದಪ್ಪ ಕಲ್ಲು ಹೇರಿದರೆ ಸಾಕಾ, ಇಲ್ಲಾ ಆರ್‌ಸಿಸಿಗೆ ದುಡ್ಡು ಹೊಂದುವ ತನಕ ಕಾಯಬೇಕಾ ಅಂತ ಕೇಳಿದ್ದೀರಿ. ಕಲ್ಲು ಮಾತ್ರ ದಯವಿಟ್ಟು ಬೇಡ. ನಾನೂ ಅದನ್ನೇ ಮಾಡಿದ್ದೆ.

ನಾನಿರುವುದು ಕೆ.ಆರ್. ಪುರದಲ್ಲಿ. ಅಪ್ಪ ಅಮ್ಮ ಹೊಸಕೋಟೆ ತಾಲ್ಲೂಕಿನ ಹಳ್ಳಿಯಲ್ಲಿ. ಭರಣಿ ಮಳೆಯ ಸಮಯ. ಸಂಜೆ ಕೆರೆ ಏರಿಯ ಆಚೆ ಧೂಳು ಕಂಬದ ಹಾಗೆ ಎದ್ದಿತಂತೆ. ಅದು ಏರಿ ದಾಟಿತು, ನೀಲಗಿರಿ ತೋಪು ಸೀಳಿತು, ನಮ್ಮ ಕೊಟ್ಟಿಗೆ ಮೇಲೆ ಹಾದು ಪಕ್ಕದೂರಿನ ದ್ರಾಕ್ಷಿ ಚಪ್ಪರ ಕೆಡವಿತು. ಐದು ನಿಮಿಷವೂ ಇಲ್ಲ. ಕೊಟ್ಟಿಗೆಯ ಒಂದು ಶೀಟೂ ಉಳಿಯಲಿಲ್ಲ. ಎದುರು ಮನೆಯ ಹಂಚು ಒಂದೂ ಕದಲಿರಲಿಲ್ಲ. ನಮ್ಮದೊಂದು ಶೀಟು ಮುಂದಿನ ಹೊಲದ ಬೇವಿನ ಮರಕ್ಕೆ, ಊಟ ಮುಗಿಸಿ ಮಡಚಿದ ಬಾಳೆ ಎಲೆಯ ಹಾಗೆ ಸುತ್ತಿಕೊಂಡಿತ್ತು.

ಕೊಟ್ಟಿಗೆ ಕಟ್ಟುವಾಗ ಮೇಸ್ತ್ರಿ ಜೆ ಹುಕ್, ಅಂದರೆ ಶೀಟನ್ನು ಕೆಳಗಿನ ಪೈಪಿಗೆ ಬಿಗಿಯುವ ಕೊಕ್ಕೆ ಬೋಲ್ಟು, ಹಾಕೋಣ ಅಂದಿದ್ದರು. ಖರ್ಚು ಜಾಸ್ತಿ ಅಂತ ನಾನೇ ಬೇಡ ಅಂದೆ. ಪ್ರತಿ ಶೀಟಿಗೂ ಎರಡೆರಡು ಸೈಜುಗಲ್ಲು ಇಡಿಸಿದೆ, ಒಂದೊಂದೂ ಸುಮಾರು 15 ಕೆ.ಜಿ. ಗಾಳಿ ಪಕ್ಕದಿಂದ ತಳ್ಳುತ್ತದೆ, ಭಾರ ಇದ್ದರೆ ಕದಲಲ್ಲ ಅಂತ ನನ್ನ ಲೆಕ್ಕ. ಪೂರ್ತಿ ತಪ್ಪು. ಗಾಳಿ ಶೀಟನ್ನು ಎತ್ತುತ್ತದೆ. ಮೇಲೆ ಹಾಯುವ ಗಾಳಿ ಹೀರುತ್ತದೆ, ಬಾಗಿಲಿಲ್ಲದ ಕೊಟ್ಟಿಗೆಗೆ ನುಗ್ಗಿದ ಗಾಳಿ ಕೆಳಗಿಂದ ನೂಕುತ್ತದೆ. ಗಂಟೆಗೆ 100 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 47 ಕೆ.ಜಿ. ಹತ್ತಡಿ ಉದ್ದ, ಮೂರಡಿ ಅಗಲದ ಶೀಟಿಗೆ 130 ಕೆ.ಜಿ. ಆಯಿತು. ನನ್ನ ಕಲ್ಲು 30 ಕೆ.ಜಿ. ಸುಂಟರಗಾಳಿ ಅಳೆಯುವ ಇಎಫ್ ಮಾಪಕದಲ್ಲಿ ಎಲ್ಲಕ್ಕಿಂತ ದುರ್ಬಲವಾದ ಇಎಫ್0 ಕೂಡ ಶುರುವಾಗುವುದೇ 105 ಕಿ.ಮೀ.ಯಿಂದ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು.

ಶೀಟು ಎದ್ದ ಮೇಲೆ ಕಲ್ಲು ಎಲ್ಲಿಗೆ ಹೋಗುತ್ತದೆ? ಒಳಗೇ ಬೀಳುತ್ತದೆ. ಅಮ್ಮ ಕರು ಬಿಚ್ಚಲು ಒಳಗೆ ಹೋಗಿದ್ದರು. ಭುಜದ ಮೂಳೆ ಮುರಿಯಿತು. ಇವತ್ತಿಗೂ ಎಡಗೈ ಎತ್ತಿ ಜಡೆ ಹಾಕಿಕೊಳ್ಳಲು ಆಗುವುದಿಲ್ಲ.

'ಸಣ್ಣ ಸುಂಟರಗಾಳಿ, ನಮ್ಮ ಕಡೆ ಮತ್ತೆ ಬರಲ್ಲ' ಅಂತ ಬರೆದಿದ್ದೀರಲ್ಲ, ಅದನ್ನೂ ನಾನು ಒಪ್ಪಲ್ಲ. ಅದು ಸುಂಟರಗಾಳಿಯೇ ಆಗಿತ್ತಾ ಅಂತ ಬಿದ್ದ ಮರ ನೋಡಿ. ಮರಗಳು ಎರಡೂ ಬದಿಯಿಂದ ಒಳಮುಖವಾಗಿ ಬಿದ್ದಿದ್ದರೆ ಸುತ್ತುವ ಗಾಳಿ, ಅಂದರೆ ಸುಂಟರಗಾಳಿ. ಬೀಸಣಿಗೆ ಬಿಚ್ಚಿದ ಹಾಗೆ ಹೊರಕ್ಕೆ ಬಿದ್ದಿದ್ದರೆ ಮೋಡದಿಂದ ಕೆಳಕ್ಕೆ ಅಪ್ಪಳಿಸಿ ಹರಡಿದ ಗಾಳಿ. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಅಂಥ ಗಾಳಿ ನಮ್ಮ ಕಡೆ ಹೊಸದೇನಲ್ಲ. ಶೀಟಿಗೆ ಎರಡೂ ಒಂದೇ ಅಲ್ವಾ?

ಆರ್‌ಸಿಸಿ ಆಮೇಲೆ ನೋಡಿ. ಮೊದಲು ಜೆ ಹುಕ್ ಹಾಕಿಸಿ. ಅಂಚಿನಲ್ಲಿ, ಮೂಲೆಯಲ್ಲಿ ಒತ್ತೊತ್ತಾಗಿ ಇರಲಿ, ಶೀಟು ಏಳುವುದು ಅಲ್ಲಿಂದಲೇ. ಶೀಟು ಪೈಪಿಗೆ, ಪೈಪು ಕಂಬಕ್ಕೆ, ಕಂಬ ನೆಲದೊಳಗಿನ ಕಾಂಕ್ರೀಟಿಗೆ ಬಿಗಿಯಾಗಿರಬೇಕು. ಒಂದು ಕಡೆ ಸಡಿಲ ಬಿಟ್ಟರೂ ಅಲ್ಲೇ ಕಿತ್ತು ಬರುತ್ತದೆ. ಮೇಸ್ತ್ರಿ ಸಿಗುವ ತನಕ ಉಳಿದ ಶೀಟುಗಳನ್ನು ತಂತಿಯಲ್ಲಿ ಪೈಪಿಗೆ ಬಿಗಿಸಿ, ಕಲ್ಲು ಇಳಿಸಿಬಿಡಿ. ಇವತ್ತು ಸಂಜೆಯೇ ಊರಿಗೆ ಫೋನ್ ಮಾಡಿ. ಮೋಡ ಕಪ್ಪಾದರೆ ಕೊಟ್ಟಿಗೆ ಕಡೆ ಹೋಗಬೇಡಿ ಅಂತ ಮನೆಯವರಿಗೆ ಹೇಳಿ, ಕರು ಒಳಗಿದ್ದರೂ ಸರಿ.