ಒಂದೇ ಸ್ಲೈಡಿನಲ್ಲಿ ನೇರಳೆ, ಗುಲಾಬಿ ಎರಡೂ ಬಂದರೆ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಗುರುತು ಹಿಡಿಯಲು ಬ್ಯಾಕ್ಟೀರಿಯಾ ಇರುವ, ಹೆಸರಿಲ್ಲದ ಟ್ಯೂಬ್ ಕೊಟ್ಟಿದ್ದಾರೆ. ಗ್ರಾಮ್ ಸ್ಟೇನ್‌ನಲ್ಲಿ ನೇರಳೆ, ಗುಲಾಬಿ ಎರಡೂ ಕಾಣಿಸಿವೆ. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಎರಡು ಗುಂಪು ಮಾಡುವ ವಿಧಾನ ಇದು: ನೇರಳೆಯಾದರೆ ಗ್ರಾಮ್ ಪಾಸಿಟಿವ್, ಗುಲಾಬಿಯಾದರೆ ಗ್ರಾಮ್ ನೆಗೆಟಿವ್. ಕ್ಯಾಟಲೇಸ್ (ಪೆರಾಕ್ಸೈಡ್ ಒಡೆದು ಗುಳ್ಳೆ ಬರಿಸುವ ಕಿಣ್ವ) ಟೆಸ್ಟ್ ಪಾಸಿಟಿವ್. ಸಿಟ್ರೇಟ್ ಟೆಸ್ಟ್ (ಬ್ಯಾಕ್ಟೀರಿಯಾ ಸಿಟ್ರೇಟನ್ನು ಆಹಾರವಾಗಿ ಬಳಸುತ್ತದೆಯೇ ಅಂತ ನೋಡುವುದು) ಒಂದು ಸಲ ಹಸಿರಾಗೇ ಉಳಿಯಿತು, ಅಂದರೆ ನೆಗೆಟಿವ್; ಇನ್ನೊಂದು ಸಲ ನೀಲಿಯಾಯಿತು, ಅಂದರೆ ಪಾಸಿಟಿವ್. ಮುಂದೆ ಯಾವ ಟೆಸ್ಟ್ ಮಾಡಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಅದೇ ಸ್ಲೈಡನ್ನು ಮತ್ತೊಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಿ. ಈ ಸಲ ಬಣ್ಣ ಬಿಟ್ಟು ಆಕಾರ ನೋಡಿ.

ನೇರಳೆಯವು ದುಂಡಗೆ, ಗುಲಾಬಿಯವು ಕಡ್ಡಿಯ ಹಾಗೆ ಇದ್ದರೆ ನಿಮ್ಮ ಕೈಯಲ್ಲಿರುವುದು ಒಂದು ಬ್ಯಾಕ್ಟೀರಿಯಾ ಅಲ್ಲ, ಎರಡು. ಎರಡು ಬಣ್ಣದವೂ ಒಂದೇ ಆಕಾರ, ಒಂದೇ ಗಾತ್ರ ಇದ್ದರೆ ತೊಂದರೆ ಬಣ್ಣ ಹಾಕಿದ ರೀತಿಯಲ್ಲಿರಬಹುದು, ಇಲ್ಲವೇ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಹಳೆಯದಾಗಿರಬಹುದು. ಸಿಟ್ರೇಟ್ ಎರಡು ಥರ ಬಂದದ್ದು ಕೇಳಿದ ಮೇಲೆ ನನಗೆ ಎರಡು ಬ್ಯಾಕ್ಟೀರಿಯಾ ಬೆರೆತಿವೆ ಅಂತಲೇ ಅನುಮಾನ ಜಾಸ್ತಿ. ಕೆಲವು ಲ್ಯಾಬ್‌ಗಳಲ್ಲಿ ಬೇಕಂತಲೇ ಎರಡು ಬೆರೆಸಿ ಕೊಡುವುದೂ ಉಂಟು. ಟ್ಯೂಬ್ ಕೊಟ್ಟವರನ್ನು ಒಮ್ಮೆ ಕೇಳಿಬಿಡಿ.

ಎರಡರಲ್ಲಿ ಯಾವುದೇ ಆಗಿರಲಿ, ಮೊದಲ ಕೆಲಸ ಹೊಸದಾಗಿ ಸ್ಟ್ರೀಕ್ ಮಾಡುವುದು, ಅಂದರೆ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಆಹಾರ) ಪ್ಲೇಟಿನ ಮೇಲೆ ಗೆರೆ ಎಳೆದು ಬ್ಯಾಕ್ಟೀರಿಯಾಗಳನ್ನು ಬಿಡಿಸುವುದು. ನಿಮ್ಮ ಪ್ಲೇಟಿನಲ್ಲಿ ಬಿಡಿ ಕಾಲೊನಿಗಳೇ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳು) ಬಂದಿಲ್ಲ, ಎಲ್ಲ ಒಂದೇ ಲೇಪದ ಹಾಗಿದೆ ಅಂದಿರಿ. ಅದಕ್ಕೆ ಸಾಮಾನ್ಯ ಕಾರಣ, ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಲೂಪನ್ನು (ತುದಿಯಲ್ಲಿ ಉಂಗುರವಿರುವ ತಂತಿ) ಸುಡದೇ ಇರುವುದು. ಪ್ಲೇಟನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಳ್ಳಿ. ಮೊದಲ ಭಾಗದಲ್ಲಿ ಎಳೆದ ಮೇಲೆ ಲೂಪನ್ನು ಕೆಂಪಗಾಗುವ ತನಕ ಸುಡಿ, ಆರಲು ಬಿಡಿ. ಆಮೇಲೆ ಹಳೆಯ ಗೆರೆಗಳನ್ನು ಒಂದೆರಡು ಸಲ ಮಾತ್ರ ದಾಟಿ ಎರಡನೇ ಭಾಗಕ್ಕೆ ಎಳೆಯಿರಿ. ಮೂರು, ನಾಲ್ಕಕ್ಕೂ ಹೀಗೇ. ನಾಲ್ಕನೇ ಭಾಗ ಮೊದಲನೆಯದಕ್ಕೆ ತಾಗಬಾರದು. ಲೂಪ್ ಆರುವಷ್ಟು ತಾಳ್ಮೆ ನನಗೂ ಮೊದಮೊದಲು ಇರಲಿಲ್ಲ. ಅಗರ್ ಮೇಲೆ ಇಟ್ಟ ಕೂಡಲೇ ಚುಂಯ್ ಅಂತ ಸದ್ದು ಬರುತ್ತಿತ್ತು, ಮರುದಿನ ಪ್ಲೇಟ್ ಖಾಲಿ. ಬ್ಯಾಕ್ಟೀರಿಯಾಗಳನ್ನು ನಾನೇ ಸುಟ್ಟಿರುತ್ತಿದ್ದೆ.

ಪ್ಲೇಟನ್ನು ಬೋರಲಾಗಿಟ್ಟು ಇನ್ಕ್ಯುಬೇಟರಿಗೆ ಹಾಕಿ. ನೆಟ್ಟಗಿಟ್ಟರೆ ಮುಚ್ಚಳದಲ್ಲಿ ಕೂತ ನೀರಿನ ಹನಿ ಕೆಳಗೆ ಬಿದ್ದು, ಕಷ್ಟಪಟ್ಟು ಬಿಡಿಸಿದ ಕಾಲೊನಿಗಳೆಲ್ಲ ಮತ್ತೆ ಕಲಸಿಹೋಗುತ್ತವೆ. ಕಾಲಾವಧಿ 18ರಿಂದ 24 ಗಂಟೆ ಸಾಕು. ಉಷ್ಣತೆ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್. ನಿಮ್ಮ ಲ್ಯಾಬಿನಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಉದಾಹರಣೆಗೆ, ಒಂದು ಬ್ಯಾಕ್ಟೀರಿಯಾ ಆದ ಸೆರಾಷಿಯಾ ಮಾರ್ಸೆಸೆನ್ಸ್‌ನ ಕೆಂಪು ಬಣ್ಣ 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ, 37ರಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ.

ಬೆಳಗ್ಗೆ ನೋಡಿದಾಗ ಎರಡು ಥರದ ಕಾಲೊನಿ ಕಂಡರೆ ಒಂದೊಂದನ್ನೂ ಬೇರೆ ಬೇರೆ ಪ್ಲೇಟಿಗೆ ಇನ್ನೊಮ್ಮೆ ಸ್ಟ್ರೀಕ್ ಮಾಡಿ. ಒಂದೇ ಥರ ಕಂಡರೂ ಮಾಡಿ. ಒಂದು ದಿನ ಹೋಗುತ್ತದೆ ಅಂತ ಬೇಜಾರಾಗಬಹುದು. ನಾನು ಕಲಿಯುವಾಗ ಈ ಒಂದು ದಿನ ಉಳಿಸಲು ಹೋಗಿ ಪೂರ್ತಿ ವಾರ ಕಳೆದುಕೊಂಡಿದ್ದೆ. ಮ್ಯಾಕ್ ಕಾಂಕಿ ಅಗರಿನಿಂದ ತೆಗೆದ ಗುಲಾಬಿ ಕಾಲೊನಿ ನೋಡಲು ಶುದ್ಧವಾಗಿಯೇ ಇತ್ತು. ಆದರೆ ಆ ಅಗರ್ ಗ್ರಾಮ್ ಪಾಸಿಟಿವ್‌ಗಳ ಬೆಳವಣಿಗೆ ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಕಣ್ಣಿಗೆ ಕಾಣದೆ ಅಲ್ಲೇ ಉಳಿದವು ದ್ರವ ಆಹಾರವಾದ ಬ್ರಾತ್‌ಗೆ ಹಾಕಿದ ತಕ್ಷಣ ಎದ್ದು ಬಂದವು. ಅದಕ್ಕೇ ಇಂಥ ಅಗರ್‌ನಿಂದ ತೆಗೆದದ್ದನ್ನು ನ್ಯೂಟ್ರಿಯೆಂಟ್ ಅಗರಿನಲ್ಲಿ ಒಮ್ಮೆ ಬೆಳೆಸಿ ನೋಡದೆ ಟೆಸ್ಟಿಗೆ ಬಳಸಬೇಡಿ.

ಈಗ ಗ್ರಾಮ್ ಸ್ಟೇನ್. ಸ್ಮಿಯರ್ (ಸ್ಲೈಡಿನ ಮೇಲೆ ಸವರಿದ ಪದರ) ತೆಳ್ಳಗಿರಲಿ. ದಪ್ಪ ಆದರೆ ಗ್ರಾಮ್ ನೆಗೆಟಿವ್ ಕೂಡ ನೇರಳೆಯನ್ನು ಬಿಡುವುದಿಲ್ಲ. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಕೊನೆಗೆ ಗುಲಾಬಿ ಬಣ್ಣ ಕೊಡುವ ಸಾಫ್ರನಿನ್ ಸುಮಾರು ಒಂದು ನಿಮಿಷ. ಇವುಗಳಲ್ಲಿ ಹತ್ತು ಸೆಕೆಂಡ್ ಆಚೀಚೆ ಆದರೆ ಏನೂ ಆಗುವುದಿಲ್ಲ. ಎಲ್ಲ ನಿಂತಿರುವುದು ಅಯೋಡಿನ್ ಆದ ಮೇಲೆ ಬಣ್ಣ ತೆಗೆಯಲು ಹಾಕುವ ಆಲ್ಕೋಹಾಲ್ ಮೇಲೆ. ಸ್ಲೈಡನ್ನು ಓರೆಯಾಗಿ ಹಿಡಿದು ಹನಿಹನಿಯಾಗಿ ಬಿಡಿ. ಕೆಳಗೆ ಇಳಿಯುವ ಹನಿಯಲ್ಲಿ ನೇರಳೆ ನಿಂತ ಕ್ಷಣ ನೀರು ಹಾಕಿ. ಗ್ರಾಮ್ ಪಾಸಿಟಿವ್‌ಗಳ ಹೊರಗೋಡೆಯಲ್ಲಿ ಪೆಪ್ಟಿಡೊಗ್ಲೈಕಾನ್ ದಪ್ಪ. ಅದರೊಳಗೆ ಬಣ್ಣ ಮತ್ತು ಅಯೋಡಿನ್ ಸೇರಿ ಸಿಕ್ಕಿಕೊಂಡಿರುತ್ತವೆ. ಆದರೂ ಆಲ್ಕೋಹಾಲ್ ಅತಿಯಾದರೆ ಅವೂ ಬಣ್ಣ ಕಳೆದುಕೊಂಡು ಗುಲಾಬಿಯಾಗುತ್ತವೆ. ಕಲ್ಚರ್ ಹಳೆಯದಾದಾಗ ಗೋಡೆ ಸಡಿಲವಾಗಿಯೂ ಇದೇ ಆಗುತ್ತದೆ. ಬ್ಯಾಸಿಲಸ್ ಅಂತೂ ಇದರಲ್ಲಿ ಎಂಥವರನ್ನೂ ಏಮಾರಿಸುತ್ತದೆ. ನೀವು ಫ್ರಿಜ್‌ನಲ್ಲಿದ್ದ ಪ್ಲೇಟಿನಿಂದ ಸ್ಮಿಯರ್ ಮಾಡಿದ್ದರೆ ಆ ಫಲಿತಾಂಶವನ್ನು ಮರೆತುಬಿಡಿ.

ಅದೇ ಸ್ಲೈಡಿನ ಒಂದು ಬದಿ ಇ. ಕೋಲಿ (ಗ್ರಾಮ್ ನೆಗೆಟಿವ್), ಇನ್ನೊಂದು ಬದಿ ಸ್ಟೆಫಿಲೊಕಾಕಸ್ (ಗ್ರಾಮ್ ಪಾಸಿಟಿವ್), ನಡುವೆ ನಿಮ್ಮದು ಇಡಿ. ಇ. ಕೋಲಿ ನೇರಳೆಯಾಗಿ ಕಂಡರೆ, ಅಥವಾ ಸ್ಟೆಫಿಲೊಕಾಕಸ್ ಗುಲಾಬಿಯಾದರೆ, ನಡುವಿನದನ್ನು ನೋಡುವ ಅಗತ್ಯವೇ ಇಲ್ಲ, ಇನ್ನೊಂದು ಸ್ಲೈಡ್ ಮಾಡಿ. ಅನುಮಾನ ಉಳಿದರೆ 3 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕಾಲೊನಿ ಕಲಸಿ, ಲೂಪನ್ನು ಮೆಲ್ಲಗೆ ಎತ್ತಿ. ಗ್ರಾಮ್ ನೆಗೆಟಿವ್ ಆದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಲೋಳೆಯ ಹಾಗೆ ಎಳೆ ಬರುತ್ತದೆ. ಕೈಗೆ ಗ್ಲೌಸ್ ಇರಲಿ, ಅದು ಚರ್ಮ ಸುಡುವ ವಸ್ತು.

ಕ್ಯಾಟಲೇಸ್ ಪಾಸಿಟಿವ್ ಅಂದಿರಲ್ಲ, ಕಾಲೊನಿಯನ್ನು ಯಾವುದರಿಂದ ತೆಗೆದಿರಿ? ನಿಕ್ರೋಮ್ ತಂತಿಯ ಲೂಪ್ ತಾಗಿದರೂ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಗುಳ್ಳೆ ಬರಬಹುದು. ರಕ್ತ ಬೆರೆಸಿದ ಅಗರ್ ಸ್ವಲ್ಪ ಅಂಟಿಕೊಂಡು ಬಂದರೂ ಅಷ್ಟೇ, ಕೆಂಪು ರಕ್ತಕಣಗಳಲ್ಲೂ ಕ್ಯಾಟಲೇಸ್ ಇದೆ. ಮರದ ಕಡ್ಡಿಯಿಂದ ಕಾಲೊನಿಯ ತುದಿ ಮಾತ್ರ ತೆಗೆದು ಸ್ಲೈಡಿಗೆ ಸವರಿ, ಮೇಲಿಂದ ಹನಿ ಹಾಕಿ. ಸ್ಟೆಫಿಲೊಕಾಕಸ್ (ಕ್ಯಾಟಲೇಸ್ ಪಾಸಿಟಿವ್), ಸ್ಟ್ರೆಪ್ಟೊಕಾಕಸ್ (ನೆಗೆಟಿವ್) ಬೇರೆ ಮಾಡುವಾಗ ಇದು ತಪ್ಪಿದರೆ ದಾರಿಯೇ ತಪ್ಪುತ್ತದೆ. ಗ್ರಾಮ್ ನೆಗೆಟಿವ್ ಕಡ್ಡಿ ಅಂತ ಖಚಿತವಾದರೆ ಮುಂದಿನದು ಆಕ್ಸಿಡೇಸ್ ಎಂಬ ಕಿಣ್ವದ ಟೆಸ್ಟ್. ಸುಡೊಮೊನಾಸ್ ಪಾಸಿಟಿವ್, ಇ. ಕೋಲಿ ಬಳಗ ನೆಗೆಟಿವ್. ಆಮೇಲೆ ಬೇಕಾದರೆ ಇಂಡೋಲ್, ಸಿಟ್ರೇಟ್ ಎಲ್ಲ ನೋಡೋಣ. ಸಿಟ್ರೇಟ್‌ಗೆ ಮಾತ್ರ ತೀರಾ ಸ್ವಲ್ಪ ಹಾಕಿ, ಮುದ್ದೆ ಹಾಕಿದರೆ ಸುಳ್ಳು ಉತ್ತರ ಬರುತ್ತದೆ.

ಪ್ಲೇಟ್ ಮೂಸಿ ನೋಡಿದೆ ಅಂತ ಬರೆದಿದ್ದೀರಿ. ದಯವಿಟ್ಟು ಇನ್ನು ಮುಂದೆ ಬೇಡ. ಎರಡನೇ ಸ್ಟ್ರೀಕ್ ಆದ ಮೇಲೆ ಫೋಟೋ ಹಾಕಿ. ಮುಚ್ಚಳ ತೆಗೆಯದೆ, ತಳದ ಕಡೆಯಿಂದಲೇ ತೆಗೆಯಿರಿ. ಜೊತೆಗೆ ಕಲ್ಚರ್ ಎಷ್ಟು ಗಂಟೆಯದು ಅಂತ ಬರೆಯಿರಿ.