ಆ ಕೆಂಪು ಕೋರ್ಡ್ 812 ಮಾಡೆಲ್‌ಗೆ ಬಣ್ಣ ಹೊಡೆಯಬೇಡಿ

ನಿಮ್ಮ ಮಾವ ಕೊಟ್ಟ ಮ್ಯಾಚ್‌ಬಾಕ್ಸ್ ಯೆಸ್ಟರ್‌ಇಯರ್ (ಹಳೇ ಕಾರುಗಳ ಪುಟ್ಟ ಲೋಹದ ಮಾಡೆಲ್‌ಗಳ ಸರಣಿ) ಕಾರಿನ ಬಣ್ಣ ಅಲ್ಲಲ್ಲಿ ಎದ್ದಿದೆ, ಹೊಸದಾಗಿ ಹೊಡೆಯಲಾ, ಇಂಥ ಕಾರು ನಿಜವಾಗಿಯೂ ಇತ್ತಾ ಅಂತ ಕೇಳಿದ್ದೀರಿ.

ಬಣ್ಣ ಖಂಡಿತ ಬೇಡ. ಕೆಂಪು ಬಾಡಿ, ಬಿಳಿ ಟಾಪ್ ಅಂದಿದ್ದೀರಲ್ಲ, ಅದು 1979ರಲ್ಲಿ ಮ್ಯಾಚ್‌ಬಾಕ್ಸ್ ತಯಾರಿಸುತ್ತಿದ್ದ ಲೆಸ್ನಿ ಕಂಪನಿ ಇಂಗ್ಲೆಂಡಿನಲ್ಲಿ ತಂದ ಕೋರ್ಡ್ (ಅಮೆರಿಕದ ಹಳೇ ಕಾರು) ಮಾಡೆಲ್. ಸಂಗ್ರಹಿಸುವವರಿಗೆ ಬೇಕಿರುವುದು ಫ್ಯಾಕ್ಟರಿಯ ಬಣ್ಣ, ಸ್ವಲ್ಪ ಎದ್ದಿದ್ದರೂ ಪರವಾಗಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು ಬಿಸಿಲು ಬೀಳದ ಕಡೆ ಇಡಿ. ಡಬ್ಬಿ ಇದ್ದರೆ ಎಸೆಯಬೇಡಿ.

ಕಾರು ನಿಜವಾಗಿಯೂ ಇತ್ತು, ಮತ್ತು ನನ್ನ ಮಟ್ಟಿಗೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಅಮೆರಿಕನ್ ಕಾರುಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಗಾರ್ಡನ್ ಬ್ಯೂರಿಗ್ ವಿನ್ಯಾಸ ಮಾಡಿದ್ದು. ಮುಂದಿನ ಚಕ್ರಗಳಿಂದ ಓಡುತ್ತಿತ್ತು, ಫುಟ್‌ಬೋರ್ಡ್ ಇರಲಿಲ್ಲ, ಹೆಡ್‌ಲೈಟ್ ಮಡ್‌ಗಾರ್ಡಿನೊಳಗೆ ಅಡಗಿರುತ್ತಿತ್ತು. ಕತ್ತಲಾದರೆ ಡ್ಯಾಶ್‌ಬೋರ್ಡಿನ ಎರಡು ತುದಿಯಲ್ಲಿರುವ ಹಿಡಿಗಳನ್ನು ಕೈಯಲ್ಲಿ ತಿರುಗಿಸಿ ಒಂದೊಂದನ್ನೇ ಹೊರಗೆ ತರಬೇಕು. 1935ರ ನವೆಂಬರಿನಲ್ಲಿ ನ್ಯೂಯಾರ್ಕ್ ಕಾರು ಷೋನಲ್ಲಿ ಈ ಕಾರಿನ ಮೊದಲ ಆವೃತ್ತಿ 810 ಇಟ್ಟಾಗ ಜನ ಮುಗಿಬಿದ್ದು ಆರ್ಡರ್ ಕೊಟ್ಟರು, ಕ್ರಿಸ್‌ಮಸ್‌ಗೆ ಕಾರು ಕೊಡ್ತೀವಿ ಅಂತ ಅದನ್ನು ತಯಾರಿಸುವ ಕಂಪನಿಯೂ ಮಾತು ಕೊಟ್ಟುಬಿಟ್ಟಿತು, ಆದರೆ ಗೇರ್‌ಬಾಕ್ಸ್ ಇನ್ನೂ ಸಿದ್ಧವಾಗಿರಲಿಲ್ಲ. ಕಾಯುತ್ತಿದ್ದವರಿಗೆ ಕಂಪನಿ ಕಳಿಸಿದ್ದೇನು ಗೊತ್ತಾ? ಅದೇ ಕಾರಿನ ಪುಟ್ಟ ಕಂಚಿನ ಮಾಡೆಲ್! ಅಂದರೆ ಈ ಕಾರಿನ ಮಾಡೆಲ್ ಮನೆಗೆ ಬಂದದ್ದೇ ಕಾರಿಗಿಂತ ಮೊದಲು. ನಿಮ್ಮ ಕೈಲಿರುವುದನ್ನು ಬರೀ ಆಟಿಕೆ ಅಂತ ನೋಡಬೇಡಿ ಅನ್ನುವುದು ಅದಕ್ಕೇ.

ಆ ತಡದಿಂದ ಬಿದ್ದ ಪೆಟ್ಟು ದೊಡ್ಡದು. 1937ರಲ್ಲಿ 812 ತಂದರು, ಬೇಕಾದವರಿಗೆ ಸೂಪರ್‌ಚಾರ್ಜರ್ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಹಾಕಿ ಕೊಡುತ್ತಿದ್ದರು, ಅದೇ ವರ್ಷ ತಯಾರಿಕೆ ನಿಂತೂ ಹೋಯಿತು. ಇಷ್ಟು ಒಳ್ಳೆ ಕಾರು ಹೀಗೆ ಮುಗಿದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಇಂಡಿಯಾನಾದ ಆಬರ್ನ್ ಊರಲ್ಲಿ ಕಂಪನಿಯ ಹಳೇ ಷೋರೂಮೇ ಈಗ ಮ್ಯೂಸಿಯಂ ಆಗಿದೆ, ಆ ಕಡೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ.

ಇನ್ನೊಂದು ಮಾಡೆಲ್ ಕೊಳ್ಳುವ ಆಸೆಯಿದ್ದರೆ ಬಾನೆಟ್ಟಿನ ಪಕ್ಕ ನೋಡಿ. ಹೊರಗೆ ಹೊಳೆಯುವ ಪೈಪ್‌ಗಳು ಸೂಪರ್‌ಚಾರ್ಜರ್ ಇರುವ ಕಾರಿನ ಗುರುತು. 1936ರ 810 ಅಂತ ಬರೆದು ಪೈಪ್ ಇಟ್ಟಿದ್ದರೆ ಅದು ಫ್ಯಾಕ್ಟರಿಯಿಂದ ಬಂದ ರೂಪ ಅಲ್ಲ (ನಿಜವಾದ 810ಗಳಿಗೂ ಆಮೇಲೆ ಹಾಕಿಸಿಕೊಂಡವರಿದ್ದಾರೆ, ಅದು ಬೇರೆ ಮಾತು). ಟಾಪ್ ತೆರೆದಿರುವ ಮಾಡೆಲ್ ಆದರೆ ಸೀಟಿನ ಹಿಂದೆಯೂ ಕಣ್ಣಾಡಿಸಿ. ಅಸಲಿ ಕಾರಿನಲ್ಲಿ ಮಡಚಿದ ಟಾಪ್ ಲೋಹದ ಮುಚ್ಚಳದ ಕೆಳಗೆ ಪೂರ್ತಿ ಮಾಯವಾಗುತ್ತಿತ್ತು. ಬಟ್ಟೆ ಗುಡ್ಡೆ ಬಿದ್ದ ಹಾಗೆ ಮಾಡಿದ್ದರೆ ತಗೋಬೇಡಿ.