ಕೂಗಿದ ಬೆಲೆ ಒಂದು, ಮನೆ ಸೇರುವ ಬೆಲೆ ಇನ್ನೊಂದು: ಹೊರದೇಶದ ಆನ್‌ಲೈನ್ ಹರಾಜಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹಳೆಯ ಕ್ಯಾಮೆರಾ ಲೆನ್ಸೊಂದನ್ನು ಹರಾಜಿನಲ್ಲಿ 80 ಡಾಲರ್‌ಗೆ ಗೆದ್ದೆ. ಕೈಗೆ ಬರುವಷ್ಟರಲ್ಲಿ ಖರ್ಚು 150 ದಾಟಿತ್ತು. ಇದನ್ನು ಮೊದಲೇ ಲೆಕ್ಕ ಹಾಕಲು ಬರುತ್ತದೆಯೇ?

ಬರುತ್ತದೆ, ಆದರೆ ಹಿಂದಿನಿಂದ ಮುಂದಕ್ಕೆ ಹಾಕಬೇಕು. ಹೆಚ್ಚಿನವರು ಮೊದಲು ಬಿಡ್ ಹಾಕಿ, ಗೆದ್ದ ಮೇಲೆ ಉಳಿದ ಖರ್ಚನ್ನು ಕೂಡಿಸುತ್ತಾರೆ. ಅದರ ಬದಲು ಆ ವಸ್ತು ಮನೆ ಬಾಗಿಲಿಗೆ ಬಂದಾಗ ಒಟ್ಟು ಎಷ್ಟಾದರೆ ನಿಮಗೆ ಒಪ್ಪಿಗೆ ಎಂದು ಮೊದಲು ನಿಶ್ಚಯಿಸಿ, ಒಂದೊಂದೇ ಖರ್ಚನ್ನು ಕಳೆಯುತ್ತಾ ಬನ್ನಿ. ಕೊನೆಗೆ ಉಳಿದದ್ದೇ ನಿಮ್ಮ ಬಿಡ್.

ಒಂದು ಉದಾಹರಣೆ. ನಿಮ್ಮ ಮಿತಿ 150 ಡಾಲರ್, ಸಾಗಣೆ ವೆಚ್ಚ 24. ಸುಂಕ ಶೇ 10, ಅದರ ಮೇಲಿನ ತೆರಿಗೆ ಶೇ 20, ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಶೇ 3, ಕಸ್ಟಮ್ಸ್ ಬಿಡಿಸಿಕೊಟ್ಟದ್ದಕ್ಕೆ ಕೊರಿಯರ್‌ನವರ ಶುಲ್ಕ 12 ಡಾಲರ್ ಎಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕಾಗಿ ಹಿಡಿದ ದರಗಳು, ನಿಮ್ಮ ವಸ್ತುವಿನ ದರವನ್ನು ನೀವೇ ನೋಡಿಕೊಳ್ಳಬೇಕು. ಬಹುತೇಕ ದೇಶಗಳಲ್ಲಿ ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯ ವೆಚ್ಚವೂ ಅದರಲ್ಲಿ ಸೇರುತ್ತದೆ. ತೆರಿಗೆಯಂತೂ ಸುಂಕ ಸೇರಿಸಿದ ಮೊತ್ತದ ಮೇಲೆ. ಹಾಗಾಗಿ ಮಾರಾಟಗಾರನಿಗೆ ಕೊಡುವ ಒಂದೊಂದು ಡಾಲರ್ ನಿಮಗೆ 1.35 ಡಾಲರ್ ಆಗುತ್ತದೆ: ಮೂಲ 1, ಕಾರ್ಡಿಗೆ 0.03, ಸುಂಕ 0.10, ತೆರಿಗೆ 0.22. 150ರಲ್ಲಿ ಕೊರಿಯರ್‌ನವರ 12 ಕಳೆದರೆ 138. ಅದನ್ನು 1.35ರಿಂದ ಭಾಗಿಸಿದರೆ 102.22. ಅದರಲ್ಲಿ ಸಾಗಣೆಯ 24 ಕಳೆದರೆ 78.22. ಅದಕ್ಕಿಂತ ಒಂದು ಡಾಲರ್ ಮೇಲೆ ಹೋದರೂ ನಿಮ್ಮ ಮಿತಿ ಮುರಿದಂತೆಯೇ.

ಸಾಗಣೆ ವೆಚ್ಚದಲ್ಲೇ ಹೆಚ್ಚು ಜನ ಎಡವುವುದು. ಕೊರಿಯರ್ ಕಂಪನಿಗಳು ತಕ್ಕಡಿಯ ತೂಕವನ್ನೂ ಡಬ್ಬಿಯ ಗಾತ್ರದ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 40×30×30 ಸೆಂ.ಮೀ. ಡಬ್ಬಿಯೊಳಗೆ ಒಂದೂವರೆ ಕಿಲೋದ ದೀಪದ ಗಾಜು ಇದ್ದರೂ ನೀವು ತೆರುವುದು 7.2 ಕಿಲೋದ ಬಾಡಿಗೆ. ಆದ್ದರಿಂದ ಬಿಡ್ ಹಾಕುವ ಮೊದಲೇ ಪ್ಯಾಕ್ ಮಾಡಿದ ಡಬ್ಬಿಯ ಅಳತೆ ಕೇಳಿ. ಉತ್ತರ ಕೊಡದವನು ಡಬ್ಬಿಯನ್ನೂ ಅಷ್ಟೇ ಉದಾಸೀನದಿಂದ ಕಟ್ಟುತ್ತಾನೆ ಎಂದುಕೊಂಡರೆ ತಪ್ಪಿಲ್ಲ.

ಇನ್ನೊಂದು ಮಾತು. ಕೆಲವು ತಾಣಗಳು ಆಮದು ತೆರಿಗೆಯನ್ನು ಹಣ ಪಾವತಿಯ ಹೊತ್ತಿಗೇ ವಸೂಲು ಮಾಡುತ್ತವೆ. ಉದಾಹರಣೆಗೆ, ಯುರೋಪಿಯನ್ ಒಕ್ಕೂಟಕ್ಕೆ ಹೋಗುವ 150 ಯೂರೋವರೆಗಿನ ಪಾರ್ಸೆಲ್‌ಗಳಿಗೆ ಇಂಥ ವ್ಯವಸ್ಥೆ ಇದೆ. ತೆರಿಗೆ ಕಟ್ಟಿದ ನೋಂದಣಿ ಸಂಖ್ಯೆಯನ್ನು ಮಾರಾಟಗಾರ ಪಾರ್ಸೆಲ್‌ನ ಮಾಹಿತಿಯಲ್ಲಿ ಸೇರಿಸದಿದ್ದರೆ ಅದೇ ತೆರಿಗೆಯನ್ನು ಬಾಗಿಲಲ್ಲಿ ಮತ್ತೊಮ್ಮೆ ಕೇಳುತ್ತಾರೆ. ತೆರಿಗೆಯ ಸಾಲು ಕಾಣುವ ಬಿಲ್ಲನ್ನು ಉಳಿಸಿಕೊಂಡಿರಿ. "ಇಷ್ಟು ಬೆಲೆಯವರೆಗೆ ಸುಂಕವಿಲ್ಲ" ಎಂಬ ಹಳೆಯ ಸಲಹೆಗಳನ್ನು ನಂಬಿ ಕೂರಬೇಡಿ. ಅಮೆರಿಕದಲ್ಲಿ ವರ್ಷಗಳ ಕಾಲ ಇದ್ದ 800 ಡಾಲರ್ ವಿನಾಯಿತಿ 2025ರ ಆಗಸ್ಟ್ ಕೊನೆಗೆ ಎಲ್ಲ ದೇಶಗಳ ಸರಕಿಗೂ ನಿಂತುಹೋಯಿತು.

ಪ್ರಶ್ನೆ: ನಾನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತೇನೆ. ಪ್ರತಿಸಲವೂ ಕೊನೆಯ ಐದಾರು ಸೆಕೆಂಡಿನಲ್ಲಿ ಯಾರೋ ಬಂದು ಹೊಡೆದುಕೊಂಡು ಹೋಗುತ್ತಾರೆ. ನಾನೂ ಹಾಗೇ ಮಾಡಬೇಕೇ?

ಮೊದಲು ಯಂತ್ರ ಹೇಗೆ ಕೂಗುತ್ತದೆ ನೋಡಿ. ಇ-ಬೇ ಮಾದರಿಯ ಹರಾಜಿನಲ್ಲಿ ನೀವು ಕೊಡುವುದು ನಿಮ್ಮ ಗರಿಷ್ಠ ಮೊತ್ತ. ಅದು ಯಾರಿಗೂ ಕಾಣುವುದಿಲ್ಲ, ಆ ಮಿತಿಯೊಳಗೆ ಗೆಲ್ಲಲು ಬೇಕಾದಷ್ಟನ್ನೇ ತಾಣ ನಿಮ್ಮ ಪರವಾಗಿ ಕೂಗುತ್ತದೆ. ನೀವು 75 ಕೊಟ್ಟು, ಎದುರಾಳಿಯ ಗರಿಷ್ಠ 51 ಆಗಿದ್ದರೆ ಬೆಲೆ 52ಕ್ಕೆ ನಿಲ್ಲುತ್ತದೆ. 25ರಿಂದ 99.99 ಡಾಲರ್‌ವರೆಗೆ ಏರಿಕೆಯ ಮೆಟ್ಟಿಲು 1 ಡಾಲರ್, 100 ದಾಟಿದರೆ 2.50, 250 ದಾಟಿದರೆ 5. ಇಬ್ಬರದೂ ಒಂದೇ ಮೊತ್ತವಾದರೆ ಮೊದಲು ಹಾಕಿದವರಿಗೆ ಜಯ. ಅದಕ್ಕೇ 78ರ ಬದಲು 78.22 ಎಂದು ಹಾಕುವುದು ಒಳ್ಳೆಯದು. ಹೆಚ್ಚಿನವರು ದುಂಡು ಸಂಖ್ಯೆ ಹಾಕುತ್ತಾರೆ.

ಸ್ವಲ್ಪ ಸ್ವಲ್ಪ ಏರಿಸುವುದರಿಂದ ಆಗುವುದು ಒಂದೇ: ನೀವು ಇನ್ನೊಬ್ಬರ ಹಟವನ್ನು ಕೆಣಕುತ್ತೀರಿ, ಅವರು ನಿಮ್ಮದನ್ನು. ಲೆಕ್ಕ ಹಾಕಿದ ಮೊತ್ತವನ್ನು ಒಂದೇ ಸಲ, ಕೊನೆಯ ಹತ್ತು ಸೆಕೆಂಡಿನಲ್ಲಿ ಹಾಕಿ ಕೈ ತೊಳೆದುಕೊಳ್ಳಿ. ಸೋತರೆ, ಆ ಬೆಲೆಗೆ ಅದು ನಿಮಗೆ ಬೇಕಿರಲಿಲ್ಲ ಎಂದೇ ಅರ್ಥ. ಆದರೆ ಈ ತಂತ್ರ ಎಲ್ಲ ಕಡೆ ನಡೆಯದು. ಜಪಾನಿನ ಯಾಹೂ ಹರಾಜಿನಲ್ಲಿ ಮಾರಾಟಗಾರ ಸ್ವಯಂ ವಿಸ್ತರಣೆಯನ್ನು ಆಯ್ದಿದ್ದರೆ, ಕೊನೆಯ 5 ನಿಮಿಷದಲ್ಲಿ ಬೆಲೆ ಏರಿದಾಗಲೆಲ್ಲ ಸಮಯ ಇನ್ನೂ 5 ನಿಮಿಷ ಮುಂದಕ್ಕೆ ಹೋಗುತ್ತದೆ. ಅಲ್ಲಿ ಕಾದು ಕುಳಿತವನಿಗೆ ಲಾಭವಿಲ್ಲ, ಮಿತಿ ಹಾಕಿಕೊಂಡು ಕುಳಿತವನಿಗೆ ಮಾತ್ರ ನಷ್ಟವಿಲ್ಲ.

ದಶಾಂಶ ಬಿಂದು ಸರಿಯಾಗಿ ಒತ್ತಿದ್ದೀರಾ ನೋಡಿಕೊಳ್ಳಿ. 78.22 ಹೋಗಿ 7822 ಆದರೆ ಇ-ಬೇಯಲ್ಲಿ ಬಿಡ್ ಹಿಂಪಡೆಯಲು ಅವಕಾಶವಿದೆ. ಆದರೆ ಹರಾಜು ಮುಗಿಯಲು 12 ಗಂಟೆಗಿಂತ ಕಡಿಮೆ ಇದ್ದರೆ, ಬಿಡ್ ಹಾಕಿದ ಒಂದು ಗಂಟೆಯೊಳಗೆ ಮಾತ್ರ. ಕೊನೆಯ ಹತ್ತು ಸೆಕೆಂಡಿನಲ್ಲಿ ಅದಕ್ಕೆಲ್ಲ ಪುರುಸೊತ್ತಿರುವುದಿಲ್ಲ.

ಬಿಡ್ ಚರಿತ್ರೆಯನ್ನೂ ತೆರೆದು ನೋಡಿ. ಹೊಸ ಖಾತೆಯೊಂದು ಇದೇ ಮಾರಾಟಗಾರನ ವಸ್ತುಗಳಿಗಷ್ಟೇ ಮತ್ತೆ ಮತ್ತೆ ಕೂಗಿ, ಪ್ರತಿಸಲ ಸೋಲುತ್ತಿದ್ದರೆ ಅದು ಬೆಲೆ ಏರಿಸಲು ನಿಲ್ಲಿಸಿದ ಸ್ವಂತ ಮನುಷ್ಯ ಇರಬಹುದು. ಸೋತ ಮಾರನೇ ದಿನ "ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ" ಎಂಬ ಇ-ಮೇಲ್ ಬಂದರೆ ಅದರಲ್ಲಿರುವ ಕೊಂಡಿ ಒತ್ತಬೇಡಿ. ನಿಜವಾದ ಆಹ್ವಾನವಾದರೆ ತಾಣದೊಳಗಿನ ಸಂದೇಶ ಪೆಟ್ಟಿಗೆಯಲ್ಲೂ ಇರುತ್ತದೆ.

ಪ್ರಶ್ನೆ: ಮಾರಾಟಗಾರನಿಗೆ ಶೇ 99.2 ಒಳ್ಳೆಯ ಅಭಿಪ್ರಾಯ ಇದೆ. ಸಾಕಲ್ಲವೇ?

ಶೇಕಡಾವಾರಿಗಿಂತ ಒಳಗಿನ ಮಾತು ಮುಖ್ಯ. ಹತ್ತು ಸಾವಿರ ವಹಿವಾಟಿನಲ್ಲಿ 99.2 ಎಂದರೆ ಎಂಬತ್ತು ದೂರುಗಳು. ಆ ದೂರುಗಳನ್ನಷ್ಟೇ ಬೇರ್ಪಡಿಸಿ ಓದಿ. "ತಡವಾಯಿತು" ಎನ್ನುವುದು ಒಂದು, "ಬೇರೆ ವಸ್ತು ಬಂತು, ಉತ್ತರವಿಲ್ಲ" ಎನ್ನುವುದು ಇನ್ನೊಂದು. ಅವನು ಹಿಂದೆ ಮಾರಿದ್ದು ಏನು ಎಂದೂ ನೋಡಿ. ಎರಡು ಡಾಲರ್‌ನ ಮೊಬೈಲ್ ಕವರ್ ಮಾರಿ ಹೆಸರು ಗಳಿಸಿದ ಖಾತೆ ದಿಢೀರನೆ ದುಬಾರಿ ಕೈಗಡಿಯಾರಗಳನ್ನು ಸಾಲಾಗಿ ಹರಾಜಿಗೆ ಇಟ್ಟಿದ್ದರೆ, ಖಾತೆ ಕಳ್ಳರ ಕೈ ಸೇರಿರುವ ಸಾಧ್ಯತೆ ಇದೆ.

ಪ್ರಶ್ನೆ: ವಿವರಣೆಯಲ್ಲಿ ಬರೆಯುವ "ಪರೀಕ್ಷಿಸಿಲ್ಲ", "ಇದ್ದ ಹಾಗೆ", "ಜಂಕ್" ಮುಂತಾದ ಮಾತುಗಳನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

"ಪರೀಕ್ಷಿಸಿಲ್ಲ" ಎಂದರೆ ಕೆಟ್ಟಿದೆ ಎಂದೇ ಎಣಿಸಿ ಬೆಲೆ ಕಟ್ಟಿ. ಒಂದು ಬ್ಯಾಟರಿ ಹಾಕಿ ನೋಡಿದರೆ ಗೊತ್ತಾಗುವ ವಿಷಯವನ್ನು ಮಾರಾಟಗಾರ ನೋಡದೇ ಇದ್ದಾನೆ ಎಂದರೆ ನಂಬುವುದು ಕಷ್ಟ. ಜಪಾನಿನ ಹರಾಜುಗಳಲ್ಲಿ ಕಾಣುವ "ಜಂಕ್" ಎಂದರೆ ಗುಜರಿ ಎಂದೇನಲ್ಲ, ಕೆಲಸ ಮಾಡುವ ಬಗ್ಗೆ ಭರವಸೆ ಇಲ್ಲ, ವಾಪಸ್ ಇಲ್ಲ ಎಂದರ್ಥ. ರಿಪೇರಿ ಬಲ್ಲವರಿಗೆ ಅದರಲ್ಲೇ ಒಳ್ಳೆಯ ಮಾಲು ಸಿಗುವುದೂ ಉಂಟು.

ಲೆನ್ಸ್ ಕೊಳ್ಳುವವರು "ಚಿತ್ರದ ಮೇಲೆ ಪರಿಣಾಮವಿಲ್ಲ" ಎಂಬ ಮಾತನ್ನು ಕಂಡರೆ ಮುಂದಿನ ಪ್ರಶ್ನೆ ಕೇಳಲೇಬೇಕು: ಯಾವುದರ ಪರಿಣಾಮವಿಲ್ಲ? ಬೂಷ್ಟು, ಮಬ್ಬು, ಗಾಜಿನ ಅಂಟು ಬಿಡುವುದು, ಇವು ಎದುರಿನಿಂದ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ತೆಗೆದ ಫೋಟೋ, ಮುಚ್ಚಿದ ಅಪರ್ಚರ್ ಎಲೆಗಳ ಫೋಟೋ (ಎಣ್ಣೆ ಜಿನುಗಿದೆಯೇ ತಿಳಿಯಲು), ಕ್ರಮಸಂಖ್ಯೆಯ ಫೋಟೋ, ಈ ಮೂರನ್ನು ತರಿಸಿಕೊಳ್ಳಿ. ಕ್ರಮಸಂಖ್ಯೆ ಇದ್ದರೆ ಬಂದದ್ದು ಅದೇ ಲೆನ್ಸ್ ಹೌದೋ ಅಲ್ಲವೋ ಎಂಬ ವಾದವೇ ಏಳುವುದಿಲ್ಲ.

ಪ್ರಶ್ನೆ: "ತಾಣದ ಹೊರಗೆ ಹಣ ಕಳಿಸಿ, ಶೇ 10 ಕಡಿಮೆ ಮಾಡುತ್ತೇನೆ, ಪಾರ್ಸೆಲ್ ಮೇಲೆ ಉಡುಗೊರೆ ಎಂದು ಬರೆಯುತ್ತೇನೆ" ಎನ್ನುತ್ತಾನೆ. ಒಪ್ಪಲೇ?

ಎರಡಕ್ಕೂ ಬೇಡ. ಹೊರಗೆ ಕೊಟ್ಟ ಹಣಕ್ಕೆ ತಾಣದ ರಕ್ಷಣೆ ಇಲ್ಲ. ಪೇಪಾಲ್‌ನಲ್ಲಿ ಸ್ನೇಹಿತರು-ಬಂಧುಗಳಿಗೆ ಕಳಿಸುವ ಬಗೆಯಲ್ಲಿ ಕೊಟ್ಟರೂ ಅಷ್ಟೇ. ಉಡುಗೊರೆ ಎಂದು ಬರೆಸುವುದು ಸುಳ್ಳು ಘೋಷಣೆ, ಸಿಕ್ಕಿಬಿದ್ದರೆ ಕಸ್ಟಮ್ಸ್‌ನಲ್ಲಿ ಉತ್ತರಿಸಬೇಕಾದವರು ನೀವು. ಜೊತೆಗೆ, 200 ಡಾಲರ್‌ನ ವಸ್ತುವಿನ ಮೇಲೆ 20 ಎಂದು ಬರೆದಿದ್ದರೆ, ಕಳೆದುಹೋದಾಗ ಪರಿಹಾರ ಸಿಗುವುದೂ ಆ 20ಕ್ಕೆ ಮಾತ್ರ.

ಪ್ರಶ್ನೆ: ಟ್ರ್ಯಾಕಿಂಗ್‌ನಲ್ಲಿ "ತಲುಪಿಸಲಾಗಿದೆ" ಎಂದಿದೆ, ನನಗೆ ಏನೂ ಬಂದಿಲ್ಲ. ಮಾರಾಟಗಾರ ಇನ್ನೆರಡು ವಾರ ಕಾಯಿರಿ ಎನ್ನುತ್ತಿದ್ದಾನೆ.

ಕಾಯಬೇಡಿ. ಆ ಎರಡು ವಾರ ಬೇಕಿರುವುದು ನಿಮ್ಮ ದೂರಿನ ಗಡುವು ಮೀರಲಿ ಎಂದೂ ಇರಬಹುದು. ಇ-ಬೇಯಲ್ಲಿ ವಸ್ತು ತಲುಪಿದ ದಿನದಿಂದ, ಇಲ್ಲವೇ ತಲುಪಬೇಕೆಂದು ತೋರಿಸಿದ ಕೊನೆಯ ದಿನದಿಂದ 30 ದಿನ. ಪೇಪಾಲ್‌ನಲ್ಲಿ ಹಣ ಕೊಟ್ಟ ದಿನದಿಂದ 180 ದಿನ, ಆದರೆ ಅಲ್ಲಿ ವಿವಾದ ತೆರೆದ 20 ದಿನದೊಳಗೆ ಅದನ್ನು ಅಧಿಕೃತ ದೂರಾಗಿ ಏರಿಸದಿದ್ದರೆ ತಾನಾಗಿ ಮುಚ್ಚಿಹೋಗುತ್ತದೆ. ಒಂದೇ ದೂರನ್ನು ತಾಣದಲ್ಲೂ ಬ್ಯಾಂಕಿನಲ್ಲೂ ಒಟ್ಟಿಗೆ ಹಾಕಬೇಡಿ. ಬ್ಯಾಂಕಿನಲ್ಲಿ ತಕರಾರು ಎದ್ದರೆ ತಾಣ ತನ್ನ ಕಡತ ಮುಚ್ಚಿಬಿಡುತ್ತದೆ.

ಇದರ ಹಿಂದೆ ಹಳೆಯ ಮೋಸವೊಂದು ಇರಬಹುದು. ನಿಮ್ಮ ಊರಿನ ಬೇರೆ ಯಾವುದೋ ವಿಳಾಸಕ್ಕೆ ಕವರೊಂದನ್ನು ಕಳಿಸಿ, ಅದರ ನಂಬರನ್ನು ನಿಮಗೆ ಕೊಡುತ್ತಾರೆ. ಊರಿನ ಹೆಸರು ಸರಿಹೊಂದುವುದರಿಂದ ತಾಣದ ಕಣ್ಣಿಗೆ ಎಲ್ಲವೂ ಸರಿ. ತಲುಪಿಸಿದ ಅಂಚೆ ಕಚೇರಿ ಅಥವಾ ಕೊರಿಯರ್‌ಗೆ ಹೋಗಿ ಆ ಪಾರ್ಸೆಲ್‌ನ ತೂಕವನ್ನೂ, ವಿಳಾಸ ನಿಮ್ಮದಲ್ಲ ಎಂಬುದನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಎರಡು ಕಿಲೋದ ಆಂಪ್ಲಿಫೈಯರ್ 20 ಗ್ರಾಮಿನ ಕವರಿನಲ್ಲಿ ಬಂದಿರಲಾರದು.

ಅಂಚೆಯ ನಂಬರ್ ಸುಮ್ಮನೆ ಹೆಣೆದದ್ದೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ದೇಶದಿಂದ ದೇಶಕ್ಕೆ ಹೋಗುವ ಅಂಚೆಗೆ ಎಲ್ಲ ಕಡೆಯೂ ಒಂದೇ ನಮೂನೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡಕ್ಷರ. ಒಂಬತ್ತನೆಯ ಅಂಕಿ ಮೊದಲ ಎಂಟರಿಂದ ಹುಟ್ಟುತ್ತದೆ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು 11ರಲ್ಲಿ ಕಳೆಯಿರಿ. 25106348ಕ್ಕೆ ಮೊತ್ತ 175, ಶೇಷ 10, ಆದ್ದರಿಂದ ಕೊನೆಯ ಅಂಕಿ 1. ಉತ್ತರ 10 ಬಂದರೆ 0 ಎಂದೂ 11 ಬಂದರೆ 5 ಎಂದೂ ಹಿಡಿಯಬೇಕು. ಹೊಂದದಿದ್ದರೆ ಅದು ಅಂತರರಾಷ್ಟ್ರೀಯ ಅಂಚೆಯ ನಂಬರೇ ಅಲ್ಲ.

ಪ್ರಶ್ನೆ: ಹೊರದೇಶದಿಂದ ಕೊಳ್ಳಲೇಬಾರದ ವಸ್ತುಗಳು ಯಾವುವು?

ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಬಿಟ್ಟುಬಿಡಿ, ವಿಮಾನದ ಅಂಚೆಯಲ್ಲಿ ತಡೆಯುತ್ತಾರೆ. ಕ್ಯಾಮೆರಾವನ್ನು ಬ್ಯಾಟರಿ ಇಲ್ಲದೆ ತರಿಸಿ, ಬ್ಯಾಟರಿ ನಿಮ್ಮಲ್ಲೇ ಕೊಳ್ಳಿ. ದಂತ, ಕಡಲಾಮೆಯ ಚಿಪ್ಪು, ಬ್ರೆಜಿಲ್‌ನ ಬೀಟೆ ಮರ ಇರುವ ಹಳೆಯ ವಸ್ತುಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ಬರುತ್ತವೆ. ಪರವಾನಗಿ ಇಲ್ಲದಿದ್ದರೆ ಮುಟ್ಟುಗೋಲಾಗುತ್ತವೆ. ಹಳೆಯ ಗಿಟಾರ್ ಕೊಳ್ಳುವವರು ಇದನ್ನು ಮರೆಯುತ್ತಾರೆ.

ವಿದ್ಯುತ್ ಉಪಕರಣಗಳಲ್ಲಿ ವೋಲ್ಟ್ ನೋಡಿದರೆ ಸಾಲದು. ಜಪಾನಿನ 100 ವೋಲ್ಟ್ ಯಂತ್ರವನ್ನು 230ಕ್ಕೆ ನೇರ ಜೋಡಿಸಿದರೆ ಸುಡುತ್ತದೆ, ಟ್ರಾನ್ಸ್‌ಫಾರ್ಮರ್ ಹಾಕಿದರೆ ಬದುಕುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಆವರ್ತನವನ್ನು ಬದಲಿಸದು. 60 ಹರ್ಟ್ಜ್‌ಗೆ ಮಾಡಿದ ಸಿಂಕ್ರೊನಸ್ ಮೋಟಾರಿನ (ಆವರ್ತನಕ್ಕೆ ತಕ್ಕ ವೇಗದಲ್ಲೇ ತಿರುಗುವ ಮೋಟಾರು) ರೆಕಾರ್ಡ್ ಪ್ಲೇಯರ್ 50 ಹರ್ಟ್ಜ್‌ನಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ. ನಿಮಿಷಕ್ಕೆ 33⅓ ಸುತ್ತಿನ ಜಾಗದಲ್ಲಿ ಸುಮಾರು 27.8. ಹಾಡು ಅಳುತ್ತದೆ.

ಅಗ್ಗದ ಮೆಮೊರಿ ಕಾರ್ಡುಗಳಂತೂ 512 ಜಿಬಿ ಎಂದು ತೋರಿಸಿ ಒಳಗೆ 32 ಇರಬಹುದು. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿಸಿ. ಗಂಟೆಗಟ್ಟಲೆ ಹಿಡಿದರೂ ವಾಪಸಾತಿಯ ಗಡುವಿನೊಳಗೆ ಮುಗಿಸಿ.

ಪ್ರಶ್ನೆ: ಒಡೆದ ವಸ್ತು ಬಂದಿದೆ. ವಾಪಸ್ ಕಳಿಸಿ ಎನ್ನುತ್ತಿದ್ದಾನೆ, ಅಂಚೆ ಖರ್ಚು ವಸ್ತುವಿಗಿಂತ ಹೆಚ್ಚು!

ವಿವರಣೆಗೆ ಹೊಂದದ ವಸ್ತುವಾದರೆ ಇ-ಬೇಯಂಥ ತಾಣಗಳಲ್ಲಿ ವಾಪಸಾತಿಯ ಖರ್ಚು ಮಾರಾಟಗಾರನದು. ದೂರನ್ನು ಸಂದೇಶದಲ್ಲಲ್ಲ, ತಾಣದ ವಾಪಸಾತಿ ಗುಂಡಿಯಿಂದಲೇ ದಾಖಲಿಸಿ. "ಇಷ್ಟವಾಗಲಿಲ್ಲ" ಎಂಬ ಕಾರಣ ಆಯ್ದರೆ ಖರ್ಚು ನಿಮ್ಮ ತಲೆಗೇ ಬರುತ್ತದೆ. ಡಬ್ಬಿ, ಒಳಗಿನ ತುಂಬು ಸಾಮಗ್ರಿ, ಲೇಬಲ್ ಯಾವುದನ್ನೂ ಎಸೆಯಬೇಡಿ. ಎಲ್ಲದರ ಫೋಟೋ ಬೇಕು. ಕಳಿಸುವ ಲೇಬಲ್ ಅಥವಾ ಅದರ ಹಣ ಕೈಗೆ ಬಂದ ಮೇಲೆ, ಟ್ರ್ಯಾಕಿಂಗ್ ಇರುವ ಸೇವೆಯಲ್ಲೇ ಕಳಿಸಿ.

ಕಸ್ಟಮ್ಸ್ ನಮೂನೆ ಸಿಎನ್ 23ರಲ್ಲಿ "ಹಿಂತಿರುಗಿಸುವ ಸರಕು" ಎಂಬ ಚೌಕಕ್ಕೆ ಗುರುತು ಹಾಕಿ, ಮೂಲ ಬಿಲ್ಲಿನ ಪ್ರತಿಯನ್ನು ಹೊರಗಡೆ ಅಂಟಿಸಿ. ಇಲ್ಲದಿದ್ದರೆ ಅವನ ದೇಶದಲ್ಲಿ ಅವನಿಗೆ ಸುಂಕ ಬೀಳುತ್ತದೆ, ಅವನು ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲ, ನಿಮ್ಮ ಹಣವೂ ಅಲ್ಲೇ ನಿಲ್ಲುತ್ತದೆ. ಕಳಿಸಿದ ರಸೀದಿ ಮತ್ತು ಆ ನಮೂನೆಯ ಪ್ರತಿಯನ್ನು ಉಳಿಸಿಕೊಳ್ಳಿ. ನಿಮ್ಮ ದೇಶದ ಕಸ್ಟಮ್ಸ್‌ನಲ್ಲಿ ಕಟ್ಟಿದ ಸುಂಕವನ್ನು ಮರಳಿ ಕೇಳುವ ಅವಕಾಶವಿದ್ದರೆ ಮೊದಲು ಕೇಳುವುದು ಅವೆರಡನ್ನೇ.